ಡಬ್ಬಿಗೊಂದು ಮುಚ್ಚಳ

ನಮ್ಮ ಅಡುಗೆಮನೆಯಲ್ಲಿ 11 ಡಬ್ಬಿಗಳೂ 17 ಮುಚ್ಚಳಗಳೂ ಇವೆ. ಪಕ್ಕದ ಫ್ಲ್ಯಾಟಿಗೆ ಪಾಯಸ ಹೋಗುವಾಗ ಮುಚ್ಚಳ ಡಬ್ಬಿಯ ಮೇಲೆ ಕೂತೇ ಹೋಗುತ್ತದೆ, ಬರುವಾಗಲೂ ಕೂತೇ ಬರಬೇಕು. ಹಾಗಿದ್ದೂ ಆರು ಮುಚ್ಚಳಗಳು ಅನಾಥವಾದದ್ದು ಹೇಗೆ ಎಂದು ನಾಲ್ಕು ವರ್ಷದಿಂದ ಯೋಚಿಸುತ್ತಿದ್ದೇನೆ. ಬೆಳಿಗ್ಗೆ ಏಳು ಹತ್ತಕ್ಕೆ, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮಗಳ ಟೈ ಹಿಡಿದು ನಿಂತಾಗ, ಆ ಹದಿನೇಳರಲ್ಲಿ ಒಂದೂ ಎದುರಿಗಿರುವ ಡಬ್ಬಿಗೆ ಕೂರುವುದಿಲ್ಲ. ಕೂತಂತೆ ಮಾಡುತ್ತದೆ. ಮೂರು ಮೂಲೆ ಟಕ್ ಟಕ್ ಟಕ್ ಎಂದು ಒಪ್ಪಿಕೊಳ್ಳುತ್ತವೆ. ನಾಲ್ಕನೆಯದನ್ನು ಒತ್ತಿದರೆ ಮೊದಲನೆಯದು ಎದ್ದು ನಿಲ್ಲುತ್ತದೆ. ನಮ್ಮೂರಿನ ಜಮೀನು ಪಾಲಿನ ಮಾತುಕತೆಯೂ ಹೀಗೇ. ಮೂವರು ಅಣ್ಣತಮ್ಮಂದಿರನ್ನು ಒಪ್ಪಿಸಿ ನಾಲ್ಕನೆಯವನ ಹೆಬ್ಬೆಟ್ಟು ಹಿಡಿಯುವಷ್ಟರಲ್ಲಿ ಮೊದಲನೆಯವನು ಟವೆಲ್ಲು ಕೊಡವಿ ಎದ್ದು ಹೋಗಿರುತ್ತಾನೆ.

ನಮ್ಮೂರು ಎಂದರೆ ನಾಗಮಂಗಲದ ಪಕ್ಕ. ಹೆಂಡತಿ ಭಾಲ್ಕಿಯವಳು. ನಾವಿಬ್ಬರೂ ಸಂಸಾರ ಹೂಡಿರುವುದು ಹೈದರಾಬಾದಿನ ಕೊಂಡಾಪುರದಲ್ಲಿ. ಅವಳಿಗೆ ಇದು ಪರಸ್ಥಳವೇ ಅಲ್ಲ. 1956ರವರೆಗೆ ಭಾಲ್ಕಿಯೂ ಹೈದರಾಬಾದು ರಾಜ್ಯದ್ದೇ ಊರು. ಅವಳ ತವರಿನವರು ಈಗಲೂ ಹಲ್ಲುನೋವು ಬಂದರೂ ಹೈದರಾಬಾದಿನ ಬಸ್ಸನ್ನೇ ಹತ್ತುತ್ತಾರೆ. ನಾನು ಮಾತ್ರ ಇಲ್ಲಿ ಪರದೇಶಿ. ಇನ್ನೊಂದು ಕೊಂಡಾಪುರ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಅಲ್ಲಿ ನೆಲ ಅಗೆದಾಗ ಶಾತವಾಹನರ ಕಾಲದ ನಾಣ್ಯ, ಮಣಿಗಳು ಸಿಕ್ಕವು, ಮ್ಯೂಸಿಯಂ ಆಯಿತು. ನಮ್ಮ ಕೊಂಡಾಪುರದಲ್ಲಿ ನೆಲ ಅಗೆದರೆ ಯಾರದೋ ನೀರಿನ ಪೈಪು ಒಡೆಯುತ್ತದೆ, ಅಷ್ಟೇ.

ಡಬ್ಬಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದದ್ದು ಅಮೆರಿಕದಿಂದ. ಹೆಂಡತಿಗೆ ರಾತ್ರಿ ಒಂದು ಗಂಟೆಯವರೆಗೆ ಅಲ್ಲಿಯವರ ಜೊತೆ ಮೀಟಿಂಗು. ಬೆಳಿಗ್ಗೆ ಎಂಟರವರೆಗೆ ಅವಳನ್ನು ಎಬ್ಬಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಹಾಗಾಗಿ ಮೂರು ಡಬ್ಬಿ ನನ್ನ ಖಾತೆಗೆ ವರ್ಗವಾದವು. ನನ್ನದು, ಅವಳದು, ಆರನೇ ಕ್ಲಾಸಿನ ಮಗಳದು. ಕೆಲಸ ಒಪ್ಪಿಸುವ ದಿನ ಅವಳು ಹೇಳಿದ್ದು ಒಂದೇ ಮಾತು: "ಏನರ ಮಾಡ್ರಿ, ಬರೇ ಅನ್ನ ತುಂಬಿ ಕಳಸಬ್ಯಾಡ್ರಿ."

ನನಗೆ ಅನ್ನದ ಯೋಚನೆಯೇ ಇರಲಿಲ್ಲ. ಮಂಡ್ಯ ಜಿಲ್ಲೆಯವನ ಕೈಗೆ ಅಡುಗೆಮನೆ ಕೊಟ್ಟರೆ ಮೊದಲು ಹೊಳೆಯುವುದು ಮುದ್ದೆ ಮತ್ತು ಕೋಳಿ ಸಾರು. ಮೊದಲ ಬುಧವಾರವೇ ಕಟ್ಟಿದೆ. ಬೆಳಿಗ್ಗೆ ಏಳಕ್ಕೆ ಮುದ್ದೆ ಬಟ್ಟಲಿಗೆ ಬಿದ್ದಾಗ ಹೇಗಿತ್ತು ಎಂದರೆ, ಮೇಲೆ ತೇವದ ಹೊಳಪು, ಬೆರಳಿಟ್ಟರೆ ಒಳಗೆ ಹೋಗಿ ಹಿಂದೆ ಬರುವ ಮೆತುವು. ಮಧ್ಯಾಹ್ನ ಒಂದೂವರೆಗೆ ಅದೇ ಮುದ್ದೆ ಡಬ್ಬಿಯ ಆಕಾರವನ್ನು ಪೂರ್ತಿ ಮೈಗೂಡಿಸಿಕೊಂಡು ನಾಲ್ಕು ಮೂಲೆಯ ಕಲ್ಲಾಗಿತ್ತು. ತಲೆಕೆಳಗು ಮಾಡಿ ತಟ್ಟಿದೆ. ಠಣ್ ಎಂದು ತಟ್ಟೆಗೆ ಬಿದ್ದು ಹಾಗೇ ಕೂತಿತು. ಬೆಂದ ಪಿಷ್ಟ ಆರಿದರೆ ಬಿಗಿದುಕೊಳ್ಳುತ್ತದೆ, ನಿನ್ನೆಯ ಅನ್ನ ಗಡುಸಾಗುವುದೂ ಅದಕ್ಕೇ. ಆದರೆ ಅನ್ನ ಕಾಳುಕಾಳಾಗಿ ಮುನಿಸಿಕೊಳ್ಳುತ್ತದೆ, ಮುದ್ದೆ ಇಡಿಯಾಗಿ ಮುನಿಸಿಕೊಳ್ಳುತ್ತದೆ. ಮೈಕ್ರೋವೇವಿನಲ್ಲಿಟ್ಟೆ. ಹೊರಗೆ ಸುಡುವಂತಾಯಿತು, ಒಳಗೆ ತಣ್ಣಗೇ ಉಳಿಯಿತು, ನಡುವೆ ಬಿರುಕು ಬಿಟ್ಟಿತು. ಎದುರಿಗೆ ಕೂತಿದ್ದ ಮಡಕಶಿರದ ಗೆಳೆಯನಿಗೆ ಮಾತ್ರ ಅರ್ಥವಾಯಿತು. ಊರು ಆಂಧ್ರದಲ್ಲಿದ್ದರೂ ಅವರ ಮನೆಮಾತು ಕನ್ನಡ. "ಮುದ್ದೇನ ಬಾಕ್ಸಿಗೆ ಹಾಕ್ತಾರೇನ್ರೀ?" ಎಂದು, ತಪ್ಪು ಮಾಡಿದ ಹುಡುಗನನ್ನು ನೋಡುವಂತೆ ನೋಡಿದರು. ಪಕ್ಕದ ತೆಲುಗು ಹುಡುಗರು "ರಾಗಿ ಸಂಗಟಿ! ನಾಟುಕೋಡಿ ಪುಲುಸು!" ಎಂದು ಸಂಭ್ರಮದಿಂದ ಓಡಿಬಂದು, ಮುಟ್ಟಿ ನೋಡಿ, ಅಷ್ಟೇ ವೇಗದಲ್ಲಿ ಹಿಂದೆ ಸರಿದರು.

ಆ ದಿನದ ಸಾರಿನ ಕಥೆ ಇನ್ನೂ ಕೆಟ್ಟದು. ಸಾರಿಗೆ ಒಂದು ಸ್ವಭಾವ ಇದೆ, ಅದು ದಾರಿ ಹುಡುಕುತ್ತದೆ. ಮನೆಯಿಂದ ರಾಯದುರ್ಗದ ಆಫೀಸಿಗೆ ಐದಾರು ಕಿಲೋಮೀಟರು. 2023ರ ಹೊಸವರ್ಷದ ದಿನ ಕೊತ್ತಗೂಡದ ಫ್ಲೈಓವರು ತೆರೆದ ಮೇಲೆ ಮೇಲಿನ ಗಾಡಿಗಳೇನೋ ಓಡುತ್ತವೆ. ನನ್ನ ಸ್ಕೂಟರಿನ ಹಣೆಬರಹದಲ್ಲಿ ಕೆಳಗಿನ ಗುಂಡಿಗಳೇ ಬರೆದಿವೆ. ಆರನೆಯ ಗುಂಡಿಯೋ ಏಳನೆಯದೋ, ಸಾರು ಹೊರಟಿತು. ಒತ್ತಿ ಮುಚ್ಚಿದ ಮುಚ್ಚಳದ ನಾಲ್ಕನೆಯ ಮೂಲೆಯಿಂದ ಇಳಿದು, ಲ್ಯಾಪ್‌ಟಾಪಿನ ಚಾರ್ಜರನ್ನು ಸುತ್ತಿ, ಚೀಲದ ಹೊಲಿಗೆಯ ಸಂದಿಯಲ್ಲಿ ಹೊರಬಂತು. ಸಿಗ್ನಲ್ಲಿನಲ್ಲಿ ನಿಂತಾಗ ಬೀದಿನಾಯಿಯೊಂದು ಬಹಳ ದಿನದ ಮೇಲೆ ಸಿಕ್ಕ ನೆಂಟನನ್ನು ನೋಡುವಂತೆ ನನ್ನನ್ನು ನೋಡಿತು. ಆ ಚೀಲವನ್ನು ಮೂರು ಸಲ ಒಗೆದಿದ್ದೇನೆ. ಮಳೆ ಬಂದು ತೇವವಾದರೆ ಈಗಲೂ ಚಕ್ಕೆ, ಲವಂಗ ನೆನಪಾಗುತ್ತದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ಇನ್ನು ಮೇಲೆ ಸಾರು ಕಟ್ಟುವುದಿಲ್ಲ, ಒಣಗಲು ಮಾಡುತ್ತೇನೆ ಎಂದು. "ಸಾರಿಲ್ದಿದ್ ಮ್ಯಾಕೆ ಅದೇನ್ ಕೋಳಿನ್ಲಾ ಮಗ?" ಎಂದಳು. ಅವಳ ಪ್ರಕಾರ ಕೋಳಿ ಬೇಯಿಸುವುದೇ ಸಾರಿಗಾಗಿ. ತುಂಡುಗಳು ಆ ಕೆಲಸದಲ್ಲಿ ಉಳಿದದ್ದು.

ಆದರೆ ಡಬ್ಬಿಗೆ ಬೇಕಾದದ್ದು ತುಂಡು. ಅದಕ್ಕೆ ಅಂಗಡಿಯವನ ಹತ್ತಿರ ಹೊಸದಾಗಿ ಪಾಠ ಹೇಳಿಸಿಕೊಳ್ಳಬೇಕಾಯಿತು. ಡಯಟ್ಟಿನ ಮಾತು ಕೇಳಿ ನಾನು ಎದೆಯ ಮಾಂಸ ಕೇಳಿದೆ. ಅವನು ಕತ್ತಿ ಎತ್ತಿದವನು ಹಾಗೇ ನಿಂತು, "ಡಬ್ಬೇ ಕು? ಬ್ರೆಸ್ಟ್ ನಕ್ಕೋ ಸಾಬ್, ಸೂಕ್ ಜಾತಾ" ಎಂದ. ಅವನ ಮಾತು ನಿಜ. ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ. ಒಮ್ಮೆ ಬೇಯಿಸಿದಾಗ ಚೆನ್ನಾಗಿಯೇ ಇರುತ್ತದೆ, ಮಧ್ಯಾಹ್ನ ಮತ್ತೊಮ್ಮೆ ಬಿಸಿ ಮಾಡಿದರೆ ತೆಂಗಿನ ನಾರು. ತೊಡೆಯ ಮಾಂಸ ಎರಡನೆಯ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಮೂಳೆ ತೆಗೆಸಿ ಸಣ್ಣ ತುಂಡು ಮಾಡಿಸಬೇಕು, ಏಕೆಂದರೆ ಆಫೀಸಿನಲ್ಲಿ ಮ್ಯಾನೇಜರರ ಎದುರು ಮೂಳೆ ಚೀಪುವುದು ಇನ್ನೂ ನನಗೆ ರೂಢಿಯಾಗಿಲ್ಲ.

ಅಮ್ಮನಿಗೆ ಈ ಬ್ರಾಯ್ಲರ್ ಕೋಳಿಯ ಮೇಲೂ ತಕರಾರಿದೆ. ಆರು ವಾರದಲ್ಲಿ ಎರಡು ಕಿಲೋ ತೂಗುವ ಪ್ರಾಣಿಯನ್ನು ಅವಳು ಕೋಳಿ ಎನ್ನುವುದಿಲ್ಲ, "ಕೂಸು" ಎನ್ನುತ್ತಾಳೆ. ಈ ಕೂಸಿನ ಜಾತಕದಲ್ಲಿ ಹೈದರಾಬಾದಿಗೂ ಒಂದು ಮನೆ ಇದೆ. ಬಿ. ವಿ. ರಾವ್ ಅವರು ವೆಂಕಟೇಶ್ವರ ಹ್ಯಾಚರೀಸ್ ಶುರು ಮಾಡಿದ್ದು 1971ರಲ್ಲಿ, ಇದೇ ಊರಿನಲ್ಲಿ. ಊರ ಆ ತುದಿಯ ರಾಜೇಂದ್ರನಗರದಲ್ಲಿ ಕೋಳಿಗಾಗಿಯೇ ಒಂದು ಕೇಂದ್ರ ಸಂಶೋಧನಾಲಯ ಇದೆ. ಹಿತ್ತಲಲ್ಲಿ ಸಾಕುವ ವನರಾಜ ಕೋಳಿ ಅಲ್ಲಿಯದು. ನಮ್ಮ ಹೆಬ್ಬಾಳದವರು ಗಿರಿರಾಜನನ್ನು ಕೊಟ್ಟರು, ಇವರು ವನರಾಜನನ್ನು ಕೊಟ್ಟರು. ಗಿರಿಗೂ ವನಕ್ಕೂ ರಾಜರಾದರು. ನಮ್ಮ ಬೀದಿಯ ಅಂಗಡಿಯ ಪಂಜರದಲ್ಲಿ ಮಾತ್ರ ಆ ಬಿಳಿ ಕೂಸಿನದೇ ರಾಜ್ಯಭಾರ.

ಇಷ್ಟಾಗುವ ಹೊತ್ತಿಗೆ ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಒಂದು ಚಿತ್ರ ಅಂಟಿಸಿದಳು. ಬಣ್ಣಬಣ್ಣದ ತಟ್ಟೆ. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯವರದು. ಈ ಸಂಸ್ಥೆ ಹುಟ್ಟಿದ್ದು 1918ರಲ್ಲಿ, ನೀಲಗಿರಿಯ ಕೂನೂರಿನಲ್ಲಿ, ಮೆಕ್‌ಕ್ಯಾರಿಸನ್ ಎಂಬ ಡಾಕ್ಟರು ಬೆರಿಬೆರಿ ರೋಗದ ಬೆನ್ನು ಹತ್ತಿ ಕೂತ ಒಂದು ಕೋಣೆಯಲ್ಲಿ. 1958ರಲ್ಲಿ ಹೈದರಾಬಾದಿಗೆ ಬಂತು. ಕೂನೂರಿನ ತಂಪು ಬಿಟ್ಟು ಈ ಬಿಸಿಲಿಗೆ ಬಂದವರು ಊಟದ ಬಗ್ಗೆ ಇಷ್ಟು ಕಟ್ಟುನಿಟ್ಟಾದದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಲೆಕ್ಕದಲ್ಲಿ, 2000 ಕ್ಯಾಲೊರಿ ಬೇಕಾದವರಿಗೆ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಬೇಳೆಯೋ ಮಾಂಸವೋ 85 ಗ್ರಾಂ, ಹಾಲು ಮೊಸರು 300 ಮಿಲಿಲೀಟರು.

ನಾನು ಓದಿ ಕಂಗಾಲಾದದ್ದು 85ಕ್ಕಲ್ಲ, 400ಕ್ಕೆ. ನಮ್ಮ ಮನೆಯಲ್ಲಿ ಕೋಳಿ ಬೆಂದ ದಿನ ತರಕಾರಿ ಎಂದರೆ ಹೆಚ್ಚಿದ ಈರುಳ್ಳಿ, ಜೊತೆಗೆ ಒಂದು ಹೋಳು ನಿಂಬೆಹಣ್ಣು. ಬೇರೇನಾದರೂ ಬಡಿಸಿದರೆ ಅಪ್ಪ "ಯಾರಿಗಾದ್ರೂ ಉಷಾರಿಲ್ವಾ?" ಎಂದು ಕೇಳುತ್ತಿದ್ದರು. ಪ್ರೋಟೀನಿನ ಲೆಕ್ಕ ಅಷ್ಟು ಕಷ್ಟವಿಲ್ಲ. ಮೈತೂಕದ ಒಂದೊಂದು ಕಿಲೋಗೆ ದಿನಕ್ಕೆ 0.83 ಗ್ರಾಂ. 65 ಕಿಲೋದವನಿಗೆ 54 ಗ್ರಾಂ. ಬೆಂದ ಎದೆಯ ಮಾಂಸ 100 ಗ್ರಾಂ ತಿಂದರೆ ಸುಮಾರು 30 ಗ್ರಾಂ ಬಂತು, ತೊಡೆಯದಾದರೆ ಸ್ವಲ್ಪ ಕಡಿಮೆ. ಉಳಿದದ್ದು ಬೇಳೆ, ಮೊಸರು, ಕಾಳು ನೋಡಿಕೊಳ್ಳುತ್ತವೆ. ಅಂದರೆ ಆಳಿಗೆ ಅರ್ಧ ಕೋಳಿ ಎಂಬ ನಮ್ಮ ಹೊಸತೊಡಕಿನ ಲೆಕ್ಕ ವಿಜ್ಞಾನಕ್ಕೆ ಒಪ್ಪಿಗೆಯಿಲ್ಲ. ನನ್ನ ತೂಕ 65 ಅಲ್ಲ ಎಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

"ಇದೆಲ್ಲಾ ನಮಗ ಹೊಸಾದೇನ್ರಿ?" ಎಂದಳು ಹೆಂಡತಿ. "ಎಳ್ಳಮಾಸಿಗಿ ಹೊಲಕ್ಕ ಒಯ್ಯೋ ಬುತ್ತಿ ನೋಡೀರಿಲ್ಲೋ? ಏನಿಲ್ಲ ಅದ್ರಾಗ?" ನೋಡಿದ್ದೇನೆ. ಸಜ್ಜಿ ರೊಟ್ಟಿ, ಕಡಬು, ಅಂಬಲಿ, ಸಿಕ್ಕ ತರಕಾರಿ ಕಾಳುಗಳನ್ನೆಲ್ಲ ಒಟ್ಟಿಗೆ ಬೇಯಿಸಿದ ಭಜ್ಜಿ. ಬಂಡಿಯಲ್ಲಿ ಕುಲುಕಿ ಹೊಲ ಮುಟ್ಟಿದರೂ ಯಾವುದೂ ಚೆಲ್ಲುವುದಿಲ್ಲ, ಕೆಡುವುದಿಲ್ಲ. ಅದರಲ್ಲಿ ಕೋಳಿ ಇಲ್ಲ ಎಂದು ತೋರಿಸಿಕೊಟ್ಟೆ. ಅದಕ್ಕೆ ಅವಳು ಉತ್ತರ ಕೊಡಲಿಲ್ಲ, ಭಾನುವಾರ ಪುಂಡಿ ಪಲ್ಯದ ಕಟ್ಟು ತಂದಳು. ಆಂಧ್ರದವರು ಗೋಂಗೂರ ಎಂದು ಕುಣಿದಾಡುವ ಸೊಪ್ಪೇ ಬೀದರ ಕಡೆಯ ಪುಂಡಿ ಪಲ್ಯ. ಸೊಪ್ಪನ್ನು ಬಾಡಿಸಿ, ಬೆಂದ ಕೋಳಿಗೆ ಹಾಕಿ, ನೀರೆಲ್ಲ ಇಂಗಿ ಎಣ್ಣೆ ಅಂಚಿಗೆ ಬರುವವರೆಗೆ ಬಾಡಿಸಿದರೆ ಮಸಾಲೆ ತುಂಡಿಗೆ ಅಂಟಿ ಕೂರುತ್ತದೆ. ಎಷ್ಟು ಗುಂಡಿ ಹಾರಿಸಿದರೂ ಅದು ಅಲ್ಲಾಡುವುದಿಲ್ಲ. ಸೊಪ್ಪೂ ಆಯಿತು, ಕೋಳಿಯೂ ಆಯಿತು. ಡಬ್ಬಿಯ ಊಟದಲ್ಲಿ ನನಗೆ ಸಿಕ್ಕ ದೊಡ್ಡ ಗೆಲುವು ಅದೇ, ಅದೂ ಅವಳದು.

ಮುದ್ದೆಯ ಜಾಗಕ್ಕೆ ರೊಟ್ಟಿ ಬಂತು. ಸಂಜೆಯಾದರೆ ನಮ್ಮ ಬೀದಿಬದಿಯಲ್ಲಿ ಹೆಂಗಸರು ಒಲೆ ಹೊತ್ತಿಸಿ ಜೊನ್ನ ರೊಟ್ಟೆ ಬಡಿಯುತ್ತಾರೆ. ಸಾಫ್ಟ್‌ವೇರಿನವರು ಕಾರು ನಿಲ್ಲಿಸಿ ಎಣಿಸಿ ಒಯ್ಯುತ್ತಾರೆ. ನನ್ನವಳು ಒಂದನ್ನು ಬೆಳಕಿಗೆ ಹಿಡಿದು "ನಮ್ಮ ಕಡಿ ಇದಕ್ಕಿಂತ ತೆಳ್ಳಗ ಬಡೀತಾರ" ಎಂದು ತೀರ್ಪು ಕೊಟ್ಟೇ ಕೊಂಡುಕೊಳ್ಳುವುದು. ತವರಿನಿಂದ ಕಟಕ ರೊಟ್ಟಿ ಬಂದ ತಿಂಗಳಂತೂ ನನಗೆ ರಜೆ. ಮೈಕ್ರೋವೇವು ಬೇಡ, ಬಿಸಿ ಬೇಡ, ವಾರಗಟ್ಟಲೆ ಇರುತ್ತದೆ. ಸ್ಕೂಟರಿನಲ್ಲಿ ಪುಡಿಯಾಗುತ್ತದೆ ಎಂದು ನಾನು ದೂರಿದ್ದಕ್ಕೆ, "ಹೊಟ್ಟ್ಯಾಗ ಹೋದಮ್ಯಾಲ ಅದು ಇಡೀ ಇರ್ತದೇನ್ರಿ?" ಎಂದಳು.

ಬೇಸಿಗೆಯಲ್ಲಿ ಇನ್ನೊಂದು ಚಿಂತೆ. ಮೇ ತಿಂಗಳ ಹೈದರಾಬಾದಿನಲ್ಲಿ ಪಾದರಸ 40 ದಾಟುತ್ತದೆ. ಬೇಯಿಸಿದ ಪದಾರ್ಥ ಎರಡು ಗಂಟೆಗಿಂತ ಹೆಚ್ಚು ಹಾಗೇ ಹೊರಗಿರಬಾರದು, 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳಿಗೆ ಹಬ್ಬ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಏಳೂವರೆಗೆ ಕಟ್ಟಿ ಒಂದೂವರೆಗೆ ತಿನ್ನುವವನು ಆರು ಗಂಟೆ ಆ ಹಬ್ಬಕ್ಕೆ ಚಪ್ಪರ ಹಾಕಿಕೊಟ್ಟ ಹಾಗೆ. ಒಂದೋ ಸುಡುಸುಡು ಇರಬೇಕು, ಇಲ್ಲ ತಣ್ಣಗೆ ಕೊರೆಯಬೇಕು. ಉಗುರುಬೆಚ್ಚಗಿನದಕ್ಕೆ ಜಾಗವಿಲ್ಲ. ಅದಕ್ಕೆ ನಾನು ಮಾಡುವುದು ಇಷ್ಟು: ಹಿಂದಿನ ರಾತ್ರಿಯೇ ಕೋಳಿ ಮಾಡಿ, ಆರಿದ ಕೂಡಲೇ ಡಬ್ಬಿಗೆ ಹಾಕಿ ಫ್ರಿಜ್ಜಿಗೆ. ಬೆಳಿಗ್ಗೆ ಅದರ ಪಕ್ಕ, ರಾತ್ರಿಯೆಲ್ಲ ಫ್ರೀಜರಿನಲ್ಲಿ ಗಟ್ಟಿಯಾದ ಮಜ್ಜಿಗೆಯ ಸಣ್ಣ ಬಾಟಲಿ. ಆಫೀಸು ಮುಟ್ಟಿದ ಮೇಲೆ ಅಲ್ಲಿಯ ಫ್ರಿಜ್ಜು. ಊಟದ ಹೊತ್ತಿಗೆ ಕೋಳಿಗೆ ಹೊಗೆಯಾಡುವಷ್ಟು ಬಿಸಿ, ಮಜ್ಜಿಗೆ ಅಷ್ಟರಲ್ಲಿ ಕರಗಿ ಕುಡಿಯುವ ಹದ. ಸೌತೆಕಾಯಿಗೆ ಬೇರೆ ಡಬ್ಬಿ. ಬಿಸಿ ಕೋಳಿಯ ಪಕ್ಕ ಕೂರಿಸಿದರೆ ಅದು ಜ್ವರ ಬಂದವರ ಹಾಗೆ ಬೆವರುತ್ತದೆ.

ಆಫೀಸಿನ ಮೈಕ್ರೋವೇವಿನ ಮುಂದಿನ ಸಾಲು ಒಂದು ಸಂತೆ. ಯಾರ ಡಬ್ಬಿ ತಿರುಗುತ್ತಿದೆ ಎಂದು ನೋಡಬೇಕಿಲ್ಲ, ಉಸಿರೆಳೆದರೆ ಸಾಕು. ಒಮ್ಮೆ ಗೋಡೆಯ ಮೇಲೆ ಚೀಟಿ ಬಂತು: ದಯವಿಟ್ಟು ಘಾಟಿನ ಪದಾರ್ಥ ಬಿಸಿ ಮಾಡಬೇಡಿ. ಯಾರು ಬರೆದದ್ದೋ ಗೊತ್ತಿಲ್ಲ. ವಾರ ಕಳೆಯುವುದರೊಳಗೆ ಅದರ ಮೇಲೆ ಒಂದು ಎಣ್ಣೆ ಬೆರಳಿನ ಗುರುತು ಬಿತ್ತು, ಆಮೇಲೆ ಇನ್ನೊಂದು. ತಿಂಗಳಾಗುವಷ್ಟರಲ್ಲಿ ಚೀಟಿ ಪಾರದರ್ಶಕವಾಗಿ ಹಿಂದಿನ ಗೋಡೆ ಕಾಣುತ್ತಿತ್ತು.

ಇಷ್ಟೆಲ್ಲ ಪಳಗಿದ ಮೇಲೂ ಒಂದು ಕೊರತೆ ಉಳಿಯಿತು. ಅದು ಪೋಷಣೆಯ ತಟ್ಟೆಯಲ್ಲಿ ಎಲ್ಲೂ ಇಲ್ಲ. ನಾನೇ ಕಟ್ಟಿದ ಡಬ್ಬಿಯ ಮುಚ್ಚಳ ನಾನೇ ತೆಗೆಯುವಾಗ ಏನೂ ಅನ್ನಿಸುವುದಿಲ್ಲ. ಒಳಗೆ ಏನಿದೆ ಗೊತ್ತು, ಉಪ್ಪು ಎಷ್ಟು ಹಾಕಿದೆ ಗೊತ್ತು, ಯಾವ ತುಂಡು ಸ್ವಲ್ಪ ಸೀದದ್ದು, ಅದನ್ನು ಎಲ್ಲಿ ಅಡಗಿಸಿದೆ ಅದೂ ಗೊತ್ತು. ಹೈಸ್ಕೂಲಿಗೆ ಅಮ್ಮ ಕಟ್ಟುತ್ತಿದ್ದ ಅಲ್ಯೂಮಿನಿಯಂ ಡಬ್ಬಿಯಲ್ಲಿ ವರ್ಷಪೂರ್ತಿ ಅನ್ನ, ಹುಳಿ. ಆದರೂ ಮುಚ್ಚಳಕ್ಕೆ ಕೈ ಹಾಕುವಾಗ ಎದೆ ಒಂದು ಗಳಿಗೆ ನಿಲ್ಲುತ್ತಿತ್ತು. ಏಕೆಂದರೆ ಹಬ್ಬದ ಮಾರನೆಯ ದಿನ, ಅನ್ನದ ತಳದಲ್ಲಿ, ಯಾರಿಗೂ ಕಾಣದ ಹಾಗೆ ಒಂದು ತುಂಡು ಇರುತ್ತಿತ್ತು. ಯಾವ ಹಬ್ಬದ್ದು ಎಂದು ಹೇಳುತ್ತಿರಲಿಲ್ಲ, ಇದೆ ಎಂದೂ ಹೇಳುತ್ತಿರಲಿಲ್ಲ. ಅಗೆಯುತ್ತಾ ಹೋಗಬೇಕು. ಸಂಗಾರೆಡ್ಡಿಯ ಕೊಂಡಾಪುರದಲ್ಲಿ ನಾಣ್ಯ ಸಿಕ್ಕಾಗ ಅಗೆಯುವವರಿಗೂ ಹಾಗೇ ಆಗಿದ್ದೀತು.

ಮಗಳ ಡಬ್ಬಿಯಲ್ಲಿ ಅಂಥದ್ದಕ್ಕೆ ಅವಕಾಶವೇ ಇಲ್ಲ. ಅವಳ ಶಾಲೆಯಲ್ಲಿ ಮೊಟ್ಟೆ, ಮಾಂಸ ತರಬಾರದೆಂಬ ಸುತ್ತೋಲೆ ಇದೆ. ಮನೆಯಲ್ಲಿ ಕೋಳಿಯ ಘಮ ಏಳುವ ಬುಧವಾರ ಅವಳ ಪಾಲಿಗೆ ಚಿತ್ರಾನ್ನ, ಬೀನ್ಸ್ ಪಲ್ಯ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ, ಕೋರ್ಟಿನಲ್ಲಿ ಸೋತ ಕಕ್ಷಿದಾರಳ ಹಾಗೆ ಒಮ್ಮೆ ಒಲೆಯ ಕಡೆ ನೋಡಿ ಹೋಗುತ್ತಾಳೆ.

ಅವಳ ಡಬ್ಬಿಯೂ ನನ್ನದೂ ಒಂದೇ ಅಳತೆಯವು, ಎರಡು ಕೊಂಡರೆ ಒಂದು ಉಚಿತ ಎಂಬ ಆಸೆಗೆ ಬಂದವು. ಗುರುತಿಗಿರಲಿ ಎಂದು ಅವಳದಕ್ಕೆ ಚಿಟ್ಟೆಯ ಸ್ಟಿಕ್ಕರು ಅಂಟಿಸಿದ್ದಳು. ಅಂಟಿಸಿದ್ದು ಮುಚ್ಚಳಕ್ಕೆ. ನಮ್ಮ ಮನೆಯ ಮುಚ್ಚಳಗಳ ನಡತೆಯನ್ನು ಮೊದಲೇ ಹೇಳಿದ್ದೇನೆ.

ಜುಲೈಯ ಒಂದು ಬುಧವಾರ, ಹೊರಗೆ ಜಡಿಮಳೆ, ಶಾಲೆಯ ಬಸ್ಸು ಐದು ನಿಮಿಷ ಮುಂಚೆಯೇ ಹಾರನ್ನು ಹೊಡೆಯಿತು. ಒಂದೂವರೆಗೆ ಆಫೀಸಿನಲ್ಲಿ ಮುಚ್ಚಳ ತೆಗೆದೆ. ಹಳದಿ ಅನ್ನ, ಕಡಲೆಬೀಜ, ಕರಿಬೇವು. ವರ್ಷದ ಮೇಲೆ ಮೊದಲ ಸಲ ನನ್ನ ಎದೆ ನಿಂತಿತು, ಆದರೆ ಹೈಸ್ಕೂಲಿನಲ್ಲಿ ನಿಲ್ಲುತ್ತಿದ್ದ ಥರ ಅಲ್ಲ. ಪುಂಡಿ ಪಲ್ಯದ ಕೋಳಿ ಈಗ ಎಲ್ಲಿ, ಯಾವ ಬೆಂಚಿನ ಮೇಲೆ ತೆರೆದುಕೊಳ್ಳುತ್ತಿದೆ ಎಂಬುದು ಕಣ್ಣಿಗೆ ಕಟ್ಟಿತು. ಫೋನು ಮೇಜಿನ ಮೇಲಿಟ್ಟುಕೊಂಡೆ. ಎರಡಾಯಿತು, ಮೂರಾಯಿತು. ಕ್ಷಮಾಪಣೆಯ ಎರಡು ವಾಕ್ಯ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದೆ. ಮಡಕಶಿರದ ಗೆಳೆಯ ಕನಿಕರದಿಂದ ತನ್ನ ಡಬ್ಬಿಯ ಎರಡು ತುಂಡು ಚಿತ್ರಾನ್ನದ ಮೇಲೆ ಹಾಕಿದರು. ಫೋನು ಬರಲೇ ಇಲ್ಲ.

ಸಂಜೆ ಬಾಗಿಲು ತೆಗೆದವಳು ಮಗಳು. ಚೀಲದಿಂದ ಡಬ್ಬಿ ತೆಗೆದು ಸಿಂಕಿನ ಪಕ್ಕ ಇಟ್ಟಳು. ಮುಚ್ಚಳ ನಾಲ್ಕೂ ಮೂಲೆ ಸರಿಯಾಗಿ ಕೂತಿತ್ತು. ತೆಗೆದು ನೋಡಿದೆ. ತೊಳೆದಿತ್ತು. ಹುಟ್ಟಿದಾರಭ್ಯ ಡಬ್ಬಿ ತೊಳೆದು ತಂದವಳಲ್ಲ. ಮೂಗಿಗೆ ಹಿಡಿದರೆ ಶಾಲೆಯ ಕೈತೊಳೆಯುವ ಸೋಪಿನ ವಾಸನೆ, ಅದರ ಹಿಂದೆ ಎಲ್ಲೋ ದೂರದಲ್ಲಿ ಲವಂಗ.

"ಊಟ ಹೇಗಿತ್ತು ಮಗಳೇ?" ಎಂದೆ.

"ಚಿತ್ರಾನ್ನ ತಾನೆ?" ಎಂದಳು, ಬೂಟಿನ ಲೇಸು ಬಿಚ್ಚುತ್ತಾ, ತಲೆ ಎತ್ತದೆ. "ಚೆನ್ನಾಗಿತ್ತಪ್ಪ. ಸಾಕಾಗ್ಲಿಲ್ಲ. ಮುಂದಿನ ಬುಧವಾರ ಸ್ವಲ್ಪ ಜಾಸ್ತಿ ಹಾಕು."